ಮೊದಲ ಮಳೆ ಬಂದ ರಾತ್ರಿ ಮೀನು ಯಾಕೆ ಸಾಯುತ್ತವೆ?

ಪ್ರಶ್ನೆ: ಬೇಸಿಗೆ ಕೊನೆಗೆ ನಮ್ಮ ಹೊಳೆ ಹರಿಯುವುದೇ ನಿಂತಿತ್ತು. ಮೀನೆಲ್ಲ ಮಡುಗಳಲ್ಲಿ ಸೇರಿಕೊಂಡು ಹೇಗೋ ಬದುಕಿದ್ದವು. ಆಮೇಲೆ ಒಂದು ಸಂಜೆ ಜೋರು ಮಳೆ ಬಂತು. ಮಾರನೇ ಬೆಳಿಗ್ಗೆ ಹೋಗಿ ನೋಡಿದರೆ ನೂರಾರು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಯಾರೋ ವಿಷ ಹಾಕಿದ್ದಾರೆ ಅಂತ ಕೆಲವರು ಹೇಳುತ್ತಾರೆ. ಇಲ್ಲ, ಅದು ಹೊಸ ನೀರಿನ ಕಾಟ ಅಂತ ಹಿರಿಯರು ಹೇಳುತ್ತಾರೆ. ಅಷ್ಟು ದಿನ ನೀರಿಲ್ಲದೆ ಬದುಕಿದ ಮೀನು ನೀರು ಬಂದ ಮೇಲೆ ಯಾಕೆ ಸಾಯಬೇಕು? ಹವಾಮಾನ ಬದಲಾಗುತ್ತಿರುವುದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ: ನಿಮ್ಮ ಹಿರಿಯರು ಹೇಳಿದ್ದೇ ನಿಜ ಇರುವ ಸಾಧ್ಯತೆ ಜಾಸ್ತಿ. ನಿಮ್ಮ ಪತ್ರದಲ್ಲಿ ಎರಡು ಸಂಗತಿ ನನ್ನ ಕಣ್ಣಿಗೆ ಬಿದ್ದವು. ಮೀನು ಸತ್ತದ್ದು ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ. ಅವು ಇದ್ದದ್ದು ವಾರಗಟ್ಟಲೆ ಬಿಸಿಲಿಗೆ ಕಾದ, ಹರಿವಿಲ್ಲದ ಮಡುವಿನಲ್ಲಿ. ಇವೆರಡೂ ಸೇರಿದಾಗ ಮೊದಲು ಅನುಮಾನ ಪಡಬೇಕಾದದ್ದು ಉಸಿರುಗಟ್ಟಿದ ಸಾವನ್ನು. ವಿಷ ಅಲ್ಲವೇ ಅಲ್ಲ ಅಂತ ದೂರದಲ್ಲಿ ಕೂತು ಹೇಳಲಾರೆ. ಅದನ್ನು ಪತ್ತೆ ಮಾಡುವ ಬಗೆ ಕೊನೆಗೆ ಹೇಳುತ್ತೇನೆ.

ದಡದಲ್ಲಿ ನಿಂತು ಹೊಳೆ ನೋಡುವಾಗ ನಾವೆಲ್ಲ ನೀರು ಎಷ್ಟಿದೆ ಅಂತ ನೋಡುತ್ತೇವೆ. ಮೀನಿಗೆ ಅಷ್ಟೇ ಸಾಲದು. ಆ ನೀರಲ್ಲಿ ಉಸಿರು ಎಷ್ಟಿದೆ, ನೀರು ಎಷ್ಟು ಬಿಸಿಯಾಗಿದೆ, ಯಾವ ಕಾಲಕ್ಕೆ ಏರುತ್ತದೆ, ಯಾವ ಕಾಲಕ್ಕೆ ಇಳಿಯುತ್ತದೆ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಇದರಲ್ಲಿ ಯಾವುದು ಕೆಟ್ಟರೂ ತುಂಬಿದ ಹೊಳೆಯಲ್ಲೂ ಮೀನು ಸಾಯುತ್ತದೆ.

ಮೊದಲು ಉಸಿರಿನ ಮಾತು. ಒಂದು ಲೀಟರ್ ಗಾಳಿಯಲ್ಲಿ ಸುಮಾರು 280 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. 20 ಡಿಗ್ರಿ ಸೆಲ್ಸಿಯಸ್ ಇರುವ ಒಂದು ಲೀಟರ್ ಸಿಹಿನೀರು ತುಂಬ ಅಂದರೆ 9 ಮಿಲಿಗ್ರಾಂ ಹಿಡಿದುಕೊಳ್ಳುತ್ತದೆ. ಅಂದರೆ ನಮಗಿಂತ ಮೂವತ್ತು ಪಟ್ಟು ಬಡತನದಲ್ಲಿ ಮೀನು ಉಸಿರಾಡಬೇಕು. ಅದೂ ಗಾಳಿಗಿಂತ ಸುಮಾರು 800 ಪಟ್ಟು ದಟ್ಟವಾದ ನೀರನ್ನು ಬಾಯಿಂದ ಎಳೆದು ಕಿವಿರಿನ ಮೂಲಕ ಹೊರಗೆ ತಳ್ಳಿ. ಸುಮ್ನೆ ನಿಂತ ಮೀನು ಕೂಡ ಉಸಿರಿಗಾಗಿಯೇ ದುಡಿಯುತ್ತಿರುತ್ತದೆ.

ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 0 ಡಿಗ್ರಿ ನೀರು 14.6 ಮಿಲಿಗ್ರಾಂ ಹಿಡಿದರೆ 30 ಡಿಗ್ರಿ ನೀರು ಹಿಡಿಯುವುದು ಸುಮಾರು 7.6 ಮಾತ್ರ. ಕಷ್ಟ ಇಷ್ಟಕ್ಕೇ ನಿಲ್ಲುವುದಿಲ್ಲ. ಮೀನಿನ ಮೈಯ ಬಿಸಿ, ಸುತ್ತಲಿನ ನೀರಿನ ಬಿಸಿಯ ಜೊತೆಗೇ ಏರುತ್ತದೆ. ನೀರು 10 ಡಿಗ್ರಿ ಏರಿದರೆ ಅದರ ಮೈಯೊಳಗಿನ ಕೆಲಸ ಹೆಚ್ಚೂಕಡಿಮೆ ಎರಡು ಪಟ್ಟಾಗುತ್ತದೆ. ಹಾಗಾಗಿ ಬೇಕಾಗುವ ಆಮ್ಲಜನಕವೂ ಎರಡು ಪಟ್ಟು. ಸಿಗುವುದು ಕಡಿಮೆಯಾಗುವ ಹೊತ್ತಿಗೇ ಬೇಕಾಗುವುದು ಜಾಸ್ತಿ. ಬೇಸಿಗೆಯ ಮಡುವಿನಲ್ಲಿ ಮೀನು ಸಿಕ್ಕಿಬೀಳುವುದು ಈ ಇಕ್ಕಟ್ಟಿನಲ್ಲಿ.

ಹೆಚ್ಚಿನ ಮೀನುಗಳಿಗೆ ಲೀಟರಿಗೆ 5 ಮಿಲಿಗ್ರಾಂ ಇದ್ದರೆ ತೊಂದರೆಯಿಲ್ಲ. 2ಕ್ಕಿಂತ ಕೆಳಗೆ ಇಳಿದು ಅಲ್ಲೇ ನಿಂತರೆ ಬಹಳ ಜಾತಿಗಳು ಉಳಿಯುವುದಿಲ್ಲ.

ಪಾಚಿಗಟ್ಟಿದ ಮಡುವಿನಲ್ಲಿ ಒಂದಿಡೀ ದಿನ ಆಮ್ಲಜನಕದ ಮೀಟರ್ ಹಿಡಿದು ಕೂತವರಿಗೆ ಒಂದು ವಿಷಯ ಮರೆಯುವುದಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಮೀಟರ್ 12 ತೋರಿಸಬಹುದು. ಬಿಸಿಲಲ್ಲಿ ಪಾಚಿ ಆಮ್ಲಜನಕ ಬಿಡುತ್ತಿರುತ್ತದೆ, ಪಾಚಿಯ ಎಳೆಗಳ ಮೇಲೆ ಸಣ್ಣ ಗುಳ್ಳೆಗಳು ಕಾಣುತ್ತವೆ. ಸೂರ್ಯ ಮುಳುಗಿದ ಮೇಲೆ ಆ ಅಂಗಡಿ ಮುಚ್ಚುತ್ತದೆ. ಆದರೆ ಪಾಚಿಯೂ ಉಸಿರಾಡಬೇಕಲ್ವಾ? ರಾತ್ರಿಯಿಡೀ ಪಾಚಿ, ಮೀನು, ತಳದ ಕೆಸರಿನ ಸೂಕ್ಷ್ಮಜೀವಿಗಳು ಎಲ್ಲ ಸೇರಿ ಅದೇ ಆಮ್ಲಜನಕವನ್ನು ಖರ್ಚು ಮಾಡುತ್ತವೆ. ಬೆಳಗಿನ ಜಾವಕ್ಕೆ ಅದೇ ಜಾಗದಲ್ಲಿ ಮೀಟರ್ 2 ತೋರಿಸಬಹುದು. ಟಾರ್ಚ್ ಹಾಕಿ ನೋಡಿದರೆ ಮೀನುಗಳು ಸಾಲಾಗಿ ಮೇಲೆ ಬಂದು, ಬಾಯಿಯನ್ನು ನೀರಿನ ಅಂಚಿಗೆ ತಾಗಿಸಿ ಹಿಡಿದಿರುತ್ತವೆ. ಗಾಳಿಗೆ ತಾಗಿದ ಮೇಲಿನ ಒಂದು ಮಿಲಿಮೀಟರ್ ನೀರಲ್ಲಿ ಮಾತ್ರ ಒಂದಿಷ್ಟು ಉಸಿರು ಉಳಿದಿರುತ್ತದೆ. ಅದನ್ನು ಹೀರುತ್ತಾ ಬೆಳಗಾಗುವುದನ್ನು ಕಾಯುತ್ತವೆ. ಎಷ್ಟು ಸಲ ನೋಡಿದರೂ ಆ ದೃಶ್ಯಕ್ಕೆ ನನ್ನ ಮನಸ್ಸು ಒಗ್ಗಿಲ್ಲ.

ಈಗ ಮಳೆಗೆ ಬರೋಣ. ಹರಿವಿಲ್ಲದ ಮಡುವಿನಲ್ಲಿ ನೀರು ಪದರ ಪದರವಾಗಿ ನಿಲ್ಲುತ್ತದೆ. ಬಿಸಿ ನೀರು ಹಗುರ, ಅದು ಮೇಲೆ. ತಣ್ಣಗಿನ ನೀರು ಭಾರ, ಅದು ಕೆಳಗೆ. ಕೆಳಗಿನ ಪದರಕ್ಕೆ ಗಾಳಿ ತಾಗುವುದಿಲ್ಲ, ಬೆಳಕೂ ಸಾಲದು. ತಳದಲ್ಲಿ ಎಲೆ, ಸತ್ತ ಪಾಚಿ ಕೊಳೆಯುತ್ತಾ ಇರುವ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ. ಮೀನುಗಳು ಮೇಲಿನ ಪದರದಲ್ಲಿ ಇಕ್ಕಟ್ಟಾಗಿ ಬದುಕಿರುತ್ತವೆ. ದಿಢೀರನೆ ತಣ್ಣನೆ ಗಾಳಿ ಬೀಸಿ ಮಳೆ ಸುರಿದರೆ ಮೇಲಿನ ನೀರು ತಣ್ಣಗಾಗಿ ಕೆಳಗೆ ಇಳಿಯುತ್ತದೆ, ತಳದ ಉಸಿರಿಲ್ಲದ ನೀರು ಮೇಲೆ ಬಂದು ಬೆರೆಯುತ್ತದೆ. ಒಂದೇ ರಾತ್ರಿಯಲ್ಲಿ ಇಡೀ ಮಡುವಿನಲ್ಲಿ ಮೀನಿಗೆ ನಿಲ್ಲಲು ಜಾಗವೇ ಇಲ್ಲದಂತಾಗುತ್ತದೆ.

ಅದರ ಮೇಲೆ ಹೊಸ ನೀರು ಬಂತಲ್ಲ, ಅದು ಬರಿಗೈಯಲ್ಲಿ ಬರುವುದಿಲ್ಲ. ತಿಂಗಳುಗಟ್ಟಲೆ ದಡದಲ್ಲಿ ಬಿದ್ದ ತರಗೆಲೆ, ಸಗಣಿ, ಬೂದಿ, ಚರಂಡಿಯ ಕೊಳೆ, ಒಣಮಣ್ಣು ಎಲ್ಲವನ್ನೂ ಬಾಚಿಕೊಂಡು ಬರುತ್ತದೆ. ಸೂಕ್ಷ್ಮಜೀವಿಗಳಿಗೆ ಅದು ಹಬ್ಬದೂಟ. ಅವು ತಿನ್ನುತ್ತಾ ಆಮ್ಲಜನಕ ಎಳೆದುಕೊಳ್ಳುತ್ತವೆ. ನೀರು ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ನುಣ್ಣನೆ ಹೂಳು ಕಿವಿರಿನ ಎಳೆಗಳ ನಡುವೆ ಕೂತು ಉಸಿರಾಟವನ್ನು ಇನ್ನೂ ಕಷ್ಟ ಮಾಡುತ್ತದೆ. ನೀರು ಬಂದ ಮೇಲೆ ಯಾಕೆ ಸತ್ತವು ಅಂತ ಕೇಳಿದಿರಲ್ಲ, ಕಾರಣ ಇದೇ.

ಆಸ್ಟ್ರೇಲಿಯಾದ ಡಾರ್ಲಿಂಗ್ ನದಿಯಲ್ಲಿ, ಮೆನಿಂಡೀ ಅನ್ನುವ ಊರಿನ ಹತ್ತಿರ, ಈ ಎರಡೂ ಬಗೆಯ ಸಾವು ಕೆಲವೇ ವರ್ಷಗಳ ಅಂತರದಲ್ಲಿ ಆಗಿವೆ. 2018ರ ಡಿಸೆಂಬರಿನಿಂದ 2019ರ ಜನವರಿವರೆಗೆ ಬರಗಾಲ ಇತ್ತು. ಹರಿವು ನಿಂತು, ಪಾಚಿ ಹಬ್ಬಿ, ನೀರು ಪದರಗಟ್ಟಿತ್ತು. ತಣ್ಣನೆ ಗಾಳಿ ಬಂದು ಪದರ ಬೆರೆತಾಗ ಲಕ್ಷಗಟ್ಟಲೆ ಮೀನು ಸತ್ತವು. 2023ರ ಮಾರ್ಚಿನಲ್ಲಿ ಅಲ್ಲೇ ಮತ್ತೆ ಸಾವು, ಈ ಸಲ ದೊಡ್ಡ ನೆರೆಯ ಬೆನ್ನಿಗೆ. ನೆರೆಯಲ್ಲಿ ಮೀನಿನ ಸಂಖ್ಯೆ ವಿಪರೀತ ಏರಿತ್ತು. ನೆರೆ ಇಳಿಯುವಾಗ ಬಯಲಿನ ಕೊಳೆತದ್ದೆಲ್ಲ ನದಿಗೆ ಬಂತು. ಜೊತೆಗೆ ಬಿಸಿಲಿನ ಹೊಡೆತ. ಎರಡು ಮೂರು ಕೋಟಿ ಮೀನು ಸತ್ತಿರಬಹುದು ಅಂತ ಅಂದಾಜು ಮಾಡಿದರು. ಬರಕ್ಕೂ ಸತ್ತವು, ನೆರೆಗೂ ಸತ್ತವು. ಎರಡು ಸಲವೂ ಕೊರತೆಯಾದದ್ದು ಉಸಿರು.

ಹಾಗಾದರೆ ಎಲ್ಲ ಮೀನೂ ಸಾಯಬೇಕಿತ್ತು, ಕೆಲವು ಹೇಗೆ ಉಳಿದವು ಅಂತ ನೀವು ಕೇಳಬಹುದು. ಕೊರವ ಮೀನು, ಕೆಲವು ಬೆಕ್ಕುಮೀನು ಮೇಲೆ ಬಂದು ನೇರವಾಗಿ ಗಾಳಿ ಕುಡಿಯಬಲ್ಲವು. ಅವುಗಳ ತಲೆಯೊಳಗೆ ಕಿವಿರಿನ ಜೊತೆಗೆ ಗಾಳಿಯಿಂದ ಆಮ್ಲಜನಕ ಎಳೆಯುವ ಇನ್ನೊಂದು ಅಂಗ ಇದೆ. ಆಫ್ರಿಕಾದ ಲಂಗ್‌ಫಿಶ್ ಇನ್ನೂ ಮುಂದೆ ಹೋಗಿದೆ. ನೀರು ಬತ್ತಿದಾಗ ಕೆಸರಿನಲ್ಲಿ ಬಿಲ ತೋಡಿ, ತನ್ನದೇ ಲೋಳೆಯಿಂದ ಮೈಗೆ ಒಂದು ಚೀಲ ಮಾಡಿಕೊಂಡು, ಮಳೆ ಬರುವವರೆಗೆ ತಿಂಗಳುಗಟ್ಟಲೆ ಮಲಗಿಬಿಡುತ್ತದೆ. ಕಿಲ್ಲಿಫಿಶ್ ಅನ್ನುವ ಚಿಕ್ಕ ಮೀನುಗಳಲ್ಲಿ ಕೆಲವು ಜಾತಿಯವು ಬೆಳೆದ ಮೇಲೆ ಬೇಸಿಗೆಗೆ ಸಾಯುತ್ತವೆ, ಅವುಗಳ ಮೊಟ್ಟೆ ಒಣಮಣ್ಣಿನಲ್ಲಿ ಕಾದು ಮಳೆಗೆ ಒಡೆಯುತ್ತವೆ. ಆಯಾ ನೀರಿನ ಕಷ್ಟ ಆಯಾ ಜೀವಿಯ ಮೈಯನ್ನೇ ತಿದ್ದಿದೆ.

ಇದನ್ನು ಕಣ್ಣಾರೆ ನೋಡಬೇಕಾದರೆ ದೂರ ಹೋಗಬೇಕಿಲ್ಲ. ಹೊಳೆ ಕಲ್ಲುಗಳ ಮೇಲೆ ಸದ್ದು ಮಾಡುತ್ತಾ ಹರಿಯುವ ಜಾಗದಲ್ಲಿ ಅಂಗೈ ಅಗಲದ ಒಂದು ಕಲ್ಲು ಎತ್ತಿ, ತಿರುಗಿಸಿ ನೋಡಿ. ಮೊದಲು ಏನೂ ಕಾಣುವುದಿಲ್ಲ. ಒಂದು ನಿಮಿಷ ತಾಳಿ. ಕಲ್ಲಿನ ಬಣ್ಣದ್ದೇ ಒಂದು ಚಪ್ಪಟೆ ಹುಳ ಅಡ್ಡಡ್ಡ ಜಾರುತ್ತದೆ. ಅದು ಮೇಫ್ಲೈ ಅನ್ನುವ ಹಾರುವ ಕೀಟದ ಮರಿ. ನೀರು ಎಷ್ಟೇ ರಭಸದಿಂದ ಬಂದರೂ ಅದರ ಬೆನ್ನ ಮೇಲೆ ಜಾರಿಹೋಗುತ್ತದೆ. ಪಕ್ಕದಲ್ಲಿ ಮರಳಿನ ಕಾಳುಗಳನ್ನು ರೇಷ್ಮೆ ಎಳೆಯಿಂದ ಅಂಟಿಸಿ ಕಟ್ಟಿದ ಚಿಕ್ಕ ಕೊಳವೆ ಇರುತ್ತದೆ. ಅದರೊಳಗೆ ಕ್ಯಾಡಿಸ್‌ಫ್ಲೈ ಅನ್ನುವ ಇನ್ನೊಂದು ಕೀಟದ ಮರಿ. ಇನ್ನೊಂದು ಜಾತಿಯದು ಕೊಳವೆ ಕಟ್ಟುವುದಿಲ್ಲ, ಕಲ್ಲುಗಳ ಸಂದಿಗೆ ಸಣ್ಣ ಬಲೆ ನೇಯ್ದು ಹರಿವು ತಂದದ್ದನ್ನು ತಿನ್ನುತ್ತದೆ. ಹರಿವು ನಿಂತರೆ ಇವುಗಳಿಗೆ ಊಟವೂ ಇಲ್ಲ, ಉಸಿರೂ ಇಲ್ಲ.

ಇಂಥದೇ ಇನ್ನೊಂದು ಕೀಟ ಸ್ಟೋನ್‌ಫ್ಲೈ, ಅದರ ಮರಿ ಸಿಕ್ಕರೆ ಅದನ್ನು ಸ್ವಲ್ಪ ನೀರಿರುವ ಬಟ್ಟಲಿಗೆ ಹಾಕಿ ಐದು ನಿಮಿಷ ಇಟ್ಟು ನೋಡಿ. ಬಟ್ಟಲಿನ ನೀರಲ್ಲಿ ಉಸಿರು ಕಡಿಮೆಯಾಗುತ್ತಾ ಬಂದಂತೆ ಅದು ಕಾಲೂರಿ ಮೈಯನ್ನು ಮೇಲೆ ಕೆಳಗೆ ಆಡಿಸಲು ಶುರು ಮಾಡುತ್ತದೆ, ದಂಡ ಹೊಡೆದ ಹಾಗೆ. ಕಿವಿರಿನ ಸುತ್ತ ನೀರು ಓಡಾಡಲಿ ಅಂತ. ನೋಡಿದ ಮೇಲೆ ದಯವಿಟ್ಟು ಅದನ್ನು ಎತ್ತಿದ ಜಾಗಕ್ಕೇ ಬಿಡಿ, ಕಲ್ಲನ್ನೂ ಮೊದಲಿದ್ದ ಹಾಗೇ ಇಡಿ. ಇನ್ನು ಕೊಳೆತ ಕೆಸರಿರುವ ಕಡೆ ಕೈ ಹಾಕಿದರೆ ಇವು ಯಾವುವೂ ಇರುವುದಿಲ್ಲ. ರಕ್ತದ ಬಣ್ಣದ ಸಣ್ಣ ಹುಳಗಳು ನುಲಿಯುತ್ತಿರುತ್ತವೆ. ಅವುಗಳ ಮೈಯಲ್ಲಿ ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಇದೆ. ಇರುವ ಚೂರುಪಾರು ಆಮ್ಲಜನಕವನ್ನೂ ಅದು ಹಿಡಿದಿಟ್ಟುಕೊಳ್ಳುತ್ತದೆ.

ನೀರಿನ ಪರೀಕ್ಷೆ ಮಾಡಿಸಿದರೆ ಆ ಗಳಿಗೆಯ ಸ್ಥಿತಿ ಗೊತ್ತಾಗುತ್ತದೆ. ಕಲ್ಲಿನಡಿಯ ಹುಳಗಳು ಕಳೆದ ಹಲವು ತಿಂಗಳ ಕಥೆ ಹೇಳುತ್ತವೆ. ಎರಡರಲ್ಲಿ ಒಂದನ್ನು ನಂಬು ಅಂದರೆ ನಾನು ಹುಳಗಳನ್ನು ನಂಬುತ್ತೇನೆ.

ಹೊಳೆಯ ಉದ್ದಕ್ಕೂ ಜೀವಿಗಳು ಬದಲಾಗುತ್ತಾ ಹೋಗುತ್ತವೆ. ಮೇಲೆ ಕಾಡಿನ ನೆರಳಲ್ಲಿ ಝರಿ ಹರಿಯುವಾಗ ಊಟ ಅಂದರೆ ಉದುರಿದ ಎಲೆ. ಬೂಷ್ಟು ಹಿಡಿದ ಮೆತ್ತನೆ ಎಲೆಯನ್ನು ಕತ್ತರಿಸಿ ತಿನ್ನುವ ಹುಳಗಳು ಅಲ್ಲಿ ಜಾಸ್ತಿ. ಕೆಳಗೆ ಬಂದು ಹೊಳೆ ಅಗಲವಾದರೆ ಬಿಸಿಲು ಬೀಳುತ್ತದೆ, ಕಲ್ಲಿನ ಮೇಲೆ ಪಾಚಿ ಬೆಳೆಯುತ್ತದೆ, ಅದನ್ನು ಕೆರೆದು ತಿನ್ನುವವು ಬರುತ್ತವೆ. ಇನ್ನೂ ಕೆಳಗೆ ದೊಡ್ಡ ನದಿಯಲ್ಲಿ, ಮೇಲಿನವರು ತಿಂದು ಬಿಟ್ಟ ಪುಡಿಯನ್ನು ಸೋಸಿ ತಿನ್ನುವವು. ನದಿಗಳನ್ನು ಅಧ್ಯಯನ ಮಾಡಿದ ವಿಜ್ಞಾನಿ ರಾಬಿನ್ ವ್ಯಾನೋಟ್ ಮತ್ತು ಜೊತೆಗಾರರು 1980ರಲ್ಲಿ ಇದನ್ನು ಒಂದೇ ಎಳೆಯಲ್ಲಿ ಪೋಣಿಸಿ ತೋರಿಸಿದರು. ಎಲ್ಲ ನದಿಗೂ ಅದು ಅಚ್ಚೊತ್ತಿದಂತೆ ಹೊಂದುವುದಿಲ್ಲ. ಆದರೂ ಮೇಲಿನ ದಡದ ಮರ ಕಡಿದರೆ ಕೆಳಗಿನ ಮಡುವಿನ ಮೀನಿಗೆ ಯಾಕೆ ಪೆಟ್ಟು ಬೀಳುತ್ತದೆ ಅಂತ ಅರ್ಥ ಮಾಡಿಕೊಳ್ಳಲು ಅಷ್ಟು ಸಾಕು.

ನೆರೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಿಮ್ಮ ಹೊಳೆಯಲ್ಲಿ ಆದದ್ದನ್ನು ನೋಡಿ ಹೊಸ ನೀರನ್ನು ಶತ್ರು ಅಂದುಕೊಳ್ಳಬೇಡಿ. ಎಷ್ಟೋ ಜಾತಿಯ ಮೀನುಗಳಿಗೆ ನೀರು ಏರುವುದೇ ಗಡಿಯಾರ. ನೀರು ಏರಿತು, ತಣ್ಣಗಾಯಿತು, ಕದಡಿತು ಅಂದರೆ ಮೊಟ್ಟೆ ಇಡುವ ಹೊತ್ತು ಬಂತು ಅಂತ. ಅವು ಹರಿವಿಗೆ ಎದುರಾಗಿ ಮೇಲಕ್ಕೆ ಹೋಗುತ್ತವೆ, ಇಲ್ಲವೇ ಮುಳುಗಿದ ಹುಲ್ಲುಗಾವಲಿಗೆ ನುಗ್ಗುತ್ತವೆ. ಅಲ್ಲಿ ಮರಿಗಳಿಗೆ ಹುಳಹುಪ್ಪಟೆ ಬೇಕಾದಷ್ಟು, ಅವಿತುಕೊಳ್ಳಲು ಜಾಗವೂ ಉಂಟು. ಕಾಂಬೋಡಿಯಾದ ತೊನ್ಲೆ ಸಾಪ್ ಸರೋವರ ಇದಕ್ಕೆ ಬೆರಗಾಗುವಂಥ ಉದಾಹರಣೆ. ಬೇಸಿಗೆಯಲ್ಲಿ ಅದು ಸುಮಾರು 2,500 ಚದರ ಕಿಲೋಮೀಟರ್. ಮಳೆಗಾಲದಲ್ಲಿ ಮೆಕಾಂಗ್ ನದಿ ಉಕ್ಕಿದಾಗ ಸರೋವರದಿಂದ ಹೊರಡುವ ನದಿ ಹಿಂದಕ್ಕೆ ಹರಿಯುತ್ತದೆ. ಸರೋವರ 10,000 ಚದರ ಕಿಲೋಮೀಟರಿಗೂ ಮೀರಿ ಹಬ್ಬಿ ಕಾಡನ್ನೇ ಮುಳುಗಿಸುತ್ತದೆ. ಆ ಮುಳುಗಿದ ಕಾಡೇ ಮೀನಿನ ತೊಟ್ಟಿಲು. ನೆರೆ ತಡವಾದರೆ, ಸಣ್ಣದಾದರೆ ಆ ವರ್ಷ ಮೀನೂ ಕಡಿಮೆ.

ಅದಕ್ಕೇ ಅಣೆಕಟ್ಟು ಬಂದ ಕಡೆ, ನೀರಿನ ಮೊತ್ತ ಅಷ್ಟೇ ಇದ್ದರೂ ಮೀನು ಕಾಣೆಯಾಗುವುದು. ಆಳವಾದ ಜಲಾಶಯದ ತಳದಿಂದ ನೀರು ಬಿಟ್ಟರೆ ಅದು ಸಹಜ ಹೊಳೆಗಿಂತ 10 ಡಿಗ್ರಿಯಷ್ಟು ತಣ್ಣಗಿರಬಹುದು. ಬೇಸಿಗೆ ಬಂತು ಅಂತ ಕಾಯುತ್ತಿದ್ದ ಮೀನಿಗೆ ಆ ಸುದ್ದಿಯೇ ಮುಟ್ಟುವುದಿಲ್ಲ. ಹೂಳು ನೊರಜುಗಲ್ಲಿನ ಸಂದಿ ತುಂಬಿದರೆ ಅಲ್ಲಿಟ್ಟ ಮೊಟ್ಟೆ ಉಸಿರಿಲ್ಲದೆ ಸಾಯುತ್ತದೆ. ದಾರಿ ಮುಚ್ಚಿದರೆ ಕೆಲವು ಜಾತಿಗಳ ಕಥೆಯೇ ಮುಗಿಯುತ್ತದೆ. ಚೀನಾದ ಯಾಂಗ್ಟ್ಸೆ ನದಿಯಲ್ಲಿ ಪ್ಯಾಡಲ್‌ಫಿಶ್ ಅನ್ನುವ ದೈತ್ಯ ಮೀನಿತ್ತು. ಅತಿಯಾಗಿ ಹಿಡಿದು ಅದು ಮೊದಲೇ ಸೊರಗಿತ್ತು. 1981ರಲ್ಲಿ ಗೆಝೌಬಾ ಅಣೆಕಟ್ಟು ಅದು ಮೊಟ್ಟೆ ಇಡುವ ಜಾಗಕ್ಕೆ ಹೋಗುವ ದಾರಿ ಮುಚ್ಚಿತು. 2003ರ ನಂತರ ಯಾರಿಗೂ ಅದು ಕಂಡಿಲ್ಲ. 2022ರಲ್ಲಿ ಅಳಿದುಹೋಗಿದೆ ಅಂತ ಘೋಷಿಸಿದರು. ಬರೆಯುವಾಗಲೂ ಸಂಕಟವಾಗುತ್ತದೆ. ಮನಸ್ಸಿಗೆ ಸಮಾಧಾನ ಕೊಡುವುದು ಅಮೆರಿಕದ ಎಲ್ವಾ ನದಿ. ಅಲ್ಲಿ 2011ರಿಂದ 2014ರ ಒಳಗೆ ಎರಡು ಹಳೇ ಅಣೆಕಟ್ಟು ಒಡೆದು ತೆಗೆದರು. ಮೊಟ್ಟೆ ಇಡಲು ಸಮುದ್ರದಿಂದ ನದಿಗೆ ಬರುವ ಸಾಲ್ಮನ್ ಮೀನು, ನೂರು ವರ್ಷ ಬಂದ್ ಆಗಿದ್ದ ದಾರಿಯಲ್ಲಿ ಮತ್ತೆ ಮೇಲಕ್ಕೆ ಈಜಿದವು.

ಹವಾಮಾನಕ್ಕೂ ಇದಕ್ಕೂ ಸಂಬಂಧ ಇದೆಯಾ ಅಂತ ಕೇಳಿದ್ದೀರಿ. ಇದೆ. ಆದರೆ ನಿಮ್ಮ ಹೊಳೆಯ ಆ ಒಂದು ರಾತ್ರಿಯನ್ನು ಅದರ ತಲೆಗೆ ಕಟ್ಟಲು ಆಗುವುದಿಲ್ಲ. ಇಂಥ ಸಾವು ಹಿಂದೆಯೂ ಆಗುತ್ತಿತ್ತು, ನಿಮ್ಮ ಹಿರಿಯರ ಬಾಯಲ್ಲಿ ಅದಕ್ಕೆ ಹೆಸರು ಇರುವುದೇ ಸಾಕ್ಷಿ. ಬಿಸಿ ಏರಿದಂತೆ ಅದಕ್ಕೆ ಬೇಕಾದ ಎಲ್ಲ ಕಾರಣಗಳೂ ಒಟ್ಟಿಗೆ ಸೇರುವ ದಿನಗಳು ಜಾಸ್ತಿಯಾಗುತ್ತವೆ. ಮಡುವಿನ ನೀರು ಇನ್ನಷ್ಟು ಬಿಸಿ, ಪಾಚಿಗೆ ಇನ್ನಷ್ಟು ದಿನ, ಒಣಗಿದ ಅವಧಿ ಉದ್ದ, ಮಳೆ ಬಂದರೆ ಒಂದೇ ಏಟಿಗೆ.

2015ರಲ್ಲಿ ಅಮೆರಿಕದ ಕೊಲಂಬಿಯಾ ನದಿಗೆ ಸಾಕಷ್ಟು ಹಿಮದ ನೀರು ಬರಲಿಲ್ಲ, ಜೂನ್ ತಿಂಗಳೇ ಸುಡುಸುಡು ಇತ್ತು. ಸಮುದ್ರದಿಂದ ನದಿಗೆ ಬಂದ ಸಾಲ್ಮನ್ ದಾರಿಯಲ್ಲಿ ಏನೂ ತಿನ್ನುವುದಿಲ್ಲ, ಮೈಯ ಕೊಬ್ಬಿನ ಮೇಲೇ ಪ್ರಯಾಣ ಮಾಡಬೇಕು. ಬಿಸಿ ನೀರಲ್ಲಿ ಆ ಬುತ್ತಿ ಬೇಗ ಖಾಲಿಯಾಗುತ್ತದೆ, ರೋಗವೂ ಬೇಗ ಹತ್ತುತ್ತದೆ. ಸುಮಾರು ಎರಡೂವರೆ ಲಕ್ಷ ಸಾಕ್‌ಐ ಜಾತಿಯ ಸಾಲ್ಮನ್ ಮೊಟ್ಟೆ ಇಡುವ ಮೊದಲೇ ಸತ್ತವು. 2022ರಲ್ಲಿ ಪೋಲೆಂಡ್ ಮತ್ತು ಜರ್ಮನಿಯ ಓಡರ್ ನದಿಯಲ್ಲಿ ನೂರಾರು ಟನ್ ಮೀನು ಸತ್ತಾಗ ಮೊದಲು ಎಲ್ಲರೂ ವಿಷದ ಹುಡುಕಾಟಕ್ಕೆ ಬಿದ್ದರು. ವಿಷ ಇತ್ತು, ಆದರೆ ಅದನ್ನು ಮಾಡಿದ್ದು ನದಿಯಲ್ಲೇ ಬೆಳೆದ ಪಾಚಿ. ಗಣಿಗಳ ಉಪ್ಪುನೀರು ನದಿಗೆ ಸೇರುತ್ತಿತ್ತು. ಬಿಸಿಲಿಗೆ ಹರಿವು ಇಳಿದು ಉಪ್ಪು ಗಟ್ಟಿಯಾಯಿತು. ಸವಳು ನೀರಲ್ಲಿ ಬೆಳೆಯುವ ಚಿನ್ನದ ಬಣ್ಣದ ಪಾಚಿ ಅಲ್ಲಿ ಹಬ್ಬಿ ಕಿವಿರು ಸುಡುವ ವಿಷ ಬಿಟ್ಟಿತು. ಹವಾಮಾನ ಒಂದೇ ಕೊಂದದ್ದೂ ಅಲ್ಲ, ಕೊಳೆ ಒಂದೇ ಕೊಂದದ್ದೂ ಅಲ್ಲ. 2023ರ ಸೆಪ್ಟೆಂಬರ್ ಕೊನೆಗೆ ಬ್ರೆಜಿಲಿನ ತೆಫೆ ಸರೋವರದಲ್ಲಿ, ಅಮೆಜಾನ್ ಬತ್ತುತ್ತಿದ್ದಾಗ, ನೀರಿನ ಬಿಸಿ 39 ಡಿಗ್ರಿ ದಾಟಿತು. ನಮ್ಮ ಮೈಯ ಬಿಸಿಗಿಂತ ಜಾಸ್ತಿ. ಅಲ್ಲಿ 150ಕ್ಕೂ ಹೆಚ್ಚು ನದಿ ಡಾಲ್ಫಿನ್‌ಗಳು ಸತ್ತವು. ಡಾಲ್ಫಿನ್ ಮೇಲೆ ಬಂದು ಗಾಳಿಯನ್ನೇ ಉಸಿರಾಡುವ ಪ್ರಾಣಿ, ನೆನಪಿರಲಿ. ಹಾಗಾಗಿ ನೀರಿನ ಆಮ್ಲಜನಕ ಕಡಿಮೆಯಾದದ್ದಕ್ಕೆ ಅವು ಸತ್ತವು ಅನ್ನಲು ಆಗದು.

ಬಿಸಿ ತಾಳಲಾರದ ಜೀವಿಗಳು ಹೊಳೆಯ ಮೇಲ್ಭಾಗಕ್ಕೆ, ತಣ್ಣನೆ ಒರತೆಗಳ ಕಡೆಗೆ ಸರಿಯುತ್ತವೆ. ದಾರಿಯಲ್ಲಿ ಕಟ್ಟೆ ಇದ್ದರೆ ಅದೂ ಆಗದು. ಮೊದಲೇ ಬೆಟ್ಟದ ತುದಿಯಲ್ಲಿದ್ದವಕ್ಕೆ ಇನ್ನು ಮೇಲೆ ಹೋಗಲು ನದಿಯೇ ಇಲ್ಲ.

ಈಗ ವಿಷದ ಪ್ರಶ್ನೆ. ಉಸಿರುಗಟ್ಟಿದ ಸಾವಾದರೆ ಸಾಮಾನ್ಯವಾಗಿ ದೊಡ್ಡ ಮೀನು ಮೊದಲು ಸಾಯುತ್ತವೆ, ಬೆಳಗಿನ ಜಾವ ಸಾಯುತ್ತವೆ, ಗಾಳಿ ಕುಡಿಯುವ ಮೀನು ಉಳಿದಿರುತ್ತವೆ. ಸಾಯುವ ಮೊದಲು ಮೇಲೆ ಬಂದು ಬಾಯಿ ತೆರೆದದ್ದನ್ನು ಯಾರಾದರೂ ನೋಡಿರುತ್ತಾರೆ. ವಿಷವಾದರೆ ಹಗಲೂ ರಾತ್ರಿ ಎನ್ನದೆ ಸಾಯುತ್ತವೆ, ಬಹಳ ಸಲ ಮರಿಮೀನು ಮೊದಲು. ಏಡಿ, ಹುಳ, ಕಪ್ಪೆಮರಿ ಕೂಡ ಸತ್ತಿರಬಹುದು. ಮೀನು ಸುತ್ತು ಹಾಕುತ್ತಾ, ನಡುಗುತ್ತಾ ಈಜಬಹುದು. ಒಂದು ಜಾಗದಿಂದ ಕೆಳಗೆ ಮಾತ್ರ ಸತ್ತಿದ್ದರೆ ಆ ಜಾಗವನ್ನು ಚೆನ್ನಾಗಿ ನೋಡಿ. ಅನುಮಾನ ಇದ್ದರೆ ಅವತ್ತೇ ಸ್ವಚ್ಛ ಬಾಟಲಿಯಲ್ಲಿ ನೀರು ತುಂಬಿ, ಆಗಷ್ಟೇ ಸತ್ತ ಒಂದೆರಡು ಮೀನನ್ನು ಮಂಜುಗಡ್ಡೆಯಲ್ಲಿಟ್ಟು ಪರೀಕ್ಷೆಗೆ ಕೊಡಿ. ಎರಡು ದಿನ ಬಿಟ್ಟರೆ ಏನೂ ಗೊತ್ತಾಗುವುದಿಲ್ಲ. ಯಾವ ಕಾರಣಕ್ಕೆ ಸತ್ತಿದ್ದರೂ ತೇಲಿದ ಮೀನನ್ನು ಯಾರೂ ತಿನ್ನಬಾರದು.

ಮುಂದಿನ ಬೇಸಿಗೆಗೆ ನಿಮ್ಮ ಕೈಯಲ್ಲಿ ಆಗುವ ಕೆಲಸಗಳೂ ಇವೆ. ಆಳದ ಮಡುಗಳಿಂದ ಮರಳು ಎತ್ತದಂತೆ ನೋಡಿಕೊಳ್ಳಿ, ಬರಗಾಲದಲ್ಲಿ ಮೀನಿಗೆ ಉಳಿಯುವ ಮನೆ ಅದೊಂದೇ. ದಡದ ಮರ ಉಳಿಸಿ, ಬೋಳಾದ ಕಡೆ ಗಿಡ ಹಚ್ಚಿ. ನೆರಳಿದ್ದರೆ ಸಣ್ಣ ಹೊಳೆಯ ನೀರು ಕೆಲವು ಡಿಗ್ರಿ ತಣ್ಣಗಿರುತ್ತದೆ, ಮೀನಿಗೆ ಬದುಕು ಸಾವಿನ ಅಂತರ ಎಷ್ಟೋ ಸಲ ಅಷ್ಟೇ. ಸಗಣಿ, ಕಸ, ಚರಂಡಿ ನೀರು ಮೊದಲ ಮಳೆಗೆ ಹೊಳೆ ಸೇರುವ ದಾರಿ ಹುಡುಕಿ, ಮಳೆಗೆ ಮುಂಚೆಯೇ ತೆರವು ಮಾಡಿಸಿ.

ಇನ್ನೊಂದು ಕೆಲಸಕ್ಕೆ ಒಂದು ಥರ್ಮಾಮೀಟರ್, ಒಂದು ನೋಟ್‌ಬುಕ್ ಸಾಕು. ಮಡುವಿನ ನೀರಿನ ಬಿಸಿಯನ್ನು ಮಧ್ಯಾಹ್ನ ಮೂರಕ್ಕೆ, ಬೆಳಗಿನ ಜಾವ ಐದಕ್ಕೆ ಅಳೆದು ಬರೆದಿಡಿ. ಆದರೆ ಮೇಲಿನ ನೀರನ್ನು ಬೇರೆ, ದಾರಕ್ಕೆ ಕಟ್ಟಿ ಇಳಿಸಿ ತಳದ ನೀರನ್ನು ಬೇರೆ ಅಳೆಯಿರಿ. ತಳದ ಬಿಸಿ ನೋಡುವಾಗ ಥರ್ಮಾಮೀಟರನ್ನು ಒಂದು ಸಣ್ಣ ಬಾಟಲಿಯೊಳಗೆ ಇಟ್ಟು ಇಳಿಸಿ, ನೀರು ತುಂಬಿಕೊಂಡೇ ಮೇಲೆ ಎಳೆಯಿರಿ. ಇಲ್ಲದಿದ್ದರೆ ಎಳೆಯುವಷ್ಟರಲ್ಲಿ ಅಂಕಿ ಬದಲಾಗುತ್ತದೆ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ತೆರೆದಿದ್ದವಾ, ನೀರಿನ ಬಣ್ಣ ಹೇಗಿತ್ತು, ಕೊಳೆತ ವಾಸನೆ ಇತ್ತಾ ಅಂತಲೂ ಬರೆಯಿರಿ. ಮೊದಲ ಮಳೆ ಬಂದ ರಾತ್ರಿ ಮಾತ್ರ ತಪ್ಪದೆ ಹೋಗಿ, ಒಬ್ಬರೇ ಹೋಗಬೇಡಿ, ನೀರು ಏರುತ್ತಿದ್ದರೆ ದಡದ ಮೇಲೇ ನಿಲ್ಲಿ. ಆ ನೋಟ್‌ಬುಕ್ಕಿನ ಪುಟಗಳನ್ನು ನನಗೆ ಕಳಿಸಿದರೆ ನಿಮ್ಮ ಹೊಳೆಯ ಬಗ್ಗೆ ಇನ್ನೂ ಖಚಿತವಾಗಿ ಹೇಳಬಲ್ಲೆ.